ಬೋಕಿಯಿಂದ ಶುರು ಮಾಡೋಣ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಹಿಂದಿನ ಸಾಲಿನವರಿಗೂ ಕಾಣಿಸ್ತಿದೆಯಾ? ಬೋಕಿ. ಒಡೆದ ಮಡಕೆಯ ಚೂರು. ಕುಂಟೆಬಿಲ್ಲೆ ಆಡಲು ನಾವು ಕಲ್ಲಿಗೆ ತಿಕ್ಕಿ ತಿಕ್ಕಿ ದುಂಡಗೆ ಮಾಡಿಕೊಳ್ಳುತ್ತಿದ್ದೆವಲ್ಲ, ಅದೇ. ಗ್ರೀಕರು ಇದನ್ನು ಓಸ್ಟ್ರಕಾನ್ ಅನ್ನುತ್ತಿದ್ದರು.

ಗ್ರೀಕ್ ನಾಗರಿಕತೆಯ ಪಾಠ ಬಂದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಹೂಜಿಯ ಚಿತ್ರದ ಜೆರಾಕ್ಸ್ ಹಂಚಿ, ಬಣ್ಣ ತುಂಬಿ ಅನ್ನುತ್ತೇವೆ. ನಾನೂ ಬಹಳ ವರ್ಷ ಅದನ್ನೇ ಮಾಡಿದವನು. ಮಕ್ಕಳು ಗೆರೆ ದಾಟದ ಹಾಗೆ ಚೆಂದ ಬಣ್ಣ ತುಂಬುತ್ತಾರೆ. ಮಾರನೇ ದಿನ ಆ ಹೂಜಿಯ ಮೇಲೆ ಯಾರಿದ್ದರು ಅಂತ ಕೇಳಿದರೆ ತರಗತಿ ಗಪ್‌ಚುಪ್. ಅಗೆಯುವವರ ಕೈಗೆ ಹೆಚ್ಚಾಗಿ ಸಿಗುವುದು ಚೂರು. ಹಾಗಿರುವಾಗ ಮಕ್ಕಳಿಗೆ ಮಾತ್ರ ಇಡೀ ಹೂಜಿ ಯಾಕೆ ಕೊಡಬೇಕು?

ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ ಬೋಕಿಯೇ ಮತಪತ್ರ. ಯಾರೋ ಒಬ್ಬ ನಾಯಕ ತೀರಾ ಬೆಳೆದುಬಿಟ್ಟ ಅನ್ನಿಸಿದರೆ ಪೌರರು ಅವನ ಹೆಸರನ್ನು ಬೋಕಿಯ ಮೇಲೆ ಗೀಚಿ ಹಾಕುತ್ತಿದ್ದರು. ಒಟ್ಟು 6,000 ಓಟಾದರೂ ಬೀಳಬೇಕಿತ್ತು. ಹೆಚ್ಚು ಓಟು ಬಿದ್ದವನಿಗೆ ಹತ್ತು ವರ್ಷ ಗಡೀಪಾರು. ಮನೆ, ಆಸ್ತಿ ಮಾತ್ರ ಅವನದಾಗಿಯೇ ಉಳಿಯುತ್ತಿತ್ತು. ಸಲಾಮಿಸ್ ಕಡಲಕಾಳಗದ ವೀರ ಥೆಮಿಸ್ಟೊಕ್ಲಿಸನೂ ಹೀಗೇ ಹೊರಗೆ ಹೋದ. ಆದರೆ ನಾನು ಮಕ್ಕಳಿಗೆ ಹೇಳುವುದು ಬೇರೆ ವಿಷಯ. 1937ರಲ್ಲಿ ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನಲ್ಲಿ ಒಂದು ಹಾಳುಬಾವಿಯೊಳಗೆ ಥೆಮಿಸ್ಟೊಕ್ಲಿಸನ ಹೆಸರಿದ್ದ ಸುಮಾರು 190 ಬೋಕಿ ಸಿಕ್ಕವು. ಅಕ್ಷರ ಹೋಲಿಸಿ ನೋಡಿದರೆ ಅಷ್ಟನ್ನೂ ಬರೆದದ್ದು ಹದಿನಾಲ್ಕೇ ಕೈ! ಅಂದರೆ ಯಾರೋ ಮೊದಲೇ ಕೂತು ಬರೆದು, ಹಂಚಲು ರಾಶಿ ಹಾಕಿಕೊಂಡಿದ್ದರು.

ಇದನ್ನೇ ನಾನು ಚಟುವಟಿಕೆ ಮಾಡಿದೆ. ಹಿಂದಿನ ಸಂಜೆ ಸ್ಟಾಫ್ ರೂಮಿನಲ್ಲಿ ನಾವು ಮೂವರು ಮೇಷ್ಟ್ರುಗಳು ಕೂತು ಮೂವತ್ತು ಬೋಕಿಯ ಮೇಲೆ ಒಂದೇ ಹೆಸರನ್ನು ಮೊಳೆಯಲ್ಲಿ ಕೊರೆದೆವು. ಮಕ್ಕಳಿಗೆ ಪ್ರಶ್ನೆ ಒಂದೇ: ಎಷ್ಟು ಕೈ? ಮೊದಲು ಹನ್ನೆರಡು ಅಂದರು, ಆಮೇಲೆ ಐದು. ಕೊನೆಗೆ ಒಬ್ಬ ಹುಡುಗಿ ಎರಡು ಬೋಕಿ ಎತ್ತಿ ಹಿಡಿದು, "ಸಾರ್, ಈ ತಲೆಕಟ್ಟು ನೋಡಿ, ಇದು ನಮ್ಮ ಕನ್ನಡ ಮಿಸ್ಸಿಂದು" ಅಂದಳು. ಪ್ರಜಾಪ್ರಭುತ್ವದ ಬಗ್ಗೆ ಆಮೇಲೆ ನಡೆದ ಚರ್ಚೆಯನ್ನು ನಾನು ಶುರು ಮಾಡಬೇಕಾಗಲಿಲ್ಲ. ಅವರೇ ಜಗಳ ತೆಗೆದರು: ಬರೆದುಕೊಟ್ಟ ಬೋಕಿ ತಗೊಂಡು ಹಾಕುವುದು ಮೋಸವೋ, ಓದುಬರಹ ಬಾರದವನಿಗೆ ಸಹಾಯವೋ?

ಇನ್ನು ಒಡೆಯುವ, ಜೋಡಿಸುವ ಕೆಲಸ. ಇಲ್ಲಿ ನನ್ನದೇ ಎಡವಟ್ಟು ಹೇಳಬೇಕು. ಮೊದಲ ಸಲ ಎಂಟು ಕುಂಡ ಒಡೆಸಿದೆ, ಗುರುತು ಹಾಕಿಸಲಿಲ್ಲ. ಎಂಟೂ ಕಲಸಿಹೋಗಿ, ಮೂರು ದಿನ ಫೆವಿಕಾಲ್ ಹಿಡಿದು ಕೂತರೂ ಐದೇ ಎದ್ದು ನಿಂತವು. ಒಡೆಯುವ ಮುಂಚೆ ಒಳಮೈಗೆ ಒಂದೊಂದು ಕುಂಡಕ್ಕೆ ಒಂದೊಂದು ಬಣ್ಣ ಬಳಿಸಿ. ಗೋಣಿಯಲ್ಲಿ ಸುತ್ತಿ ಒಡೆಸಿ, ಚೂರು ಕಣ್ಣಿಗೆ ಸಿಡಿಯದಿರಲಿ.

ಆ ಕೆಲಸ ನಡೆಯುತ್ತಿರುವಾಗ ಇಟಲಿಯ ಫ್ಲಾರೆನ್ಸ್‌ನ ಮ್ಯೂಸಿಯಂನಲ್ಲಿರುವ ಫ್ರಾಂಸ್ವಾ ಅನ್ನುವ ಗ್ರೀಕ್ ಹೂಜಿಯ ಕಥೆ ಹೇಳಬಹುದು. ಕ್ರಿ.ಪೂ. 570ರ ಆಸುಪಾಸಿನದು, 66 ಸೆಂಟಿಮೀಟರ್ ಎತ್ತರ, ಮೈತುಂಬ 270 ಆಕೃತಿ. ಮಾಡಿದವನು ಎರ್ಗೊಟಿಮೊಸ್, ಚಿತ್ರಿಸಿದವನು ಕ್ಲೈಟಿಯಾಸ್. ಇಬ್ಬರೂ ಸಹಿ ಹಾಕಿದ್ದಾರೆ. 1900ರಲ್ಲಿ ಮ್ಯೂಸಿಯಂನ ಕಾವಲುಗಾರನೇ ಸಿಟ್ಟಿನಲ್ಲಿ ಸ್ಟೂಲ್ ಎತ್ತಿ ಎಸೆದ. 638 ಚೂರು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಾವು ಹೇಳುವುದನ್ನು ಇಷ್ಟು ನಿಷ್ಠೆಯಿಂದ ಇನ್ಯಾರೂ ಮಾಡಿ ತೋರಿಸಿಲ್ಲ. ಮತ್ತೆ ಕೂಡಿಸಿದರು, ಈಗಲೂ ಅಲ್ಲಿದೆ. ಅದರಲ್ಲಿ ನನಗೆ ತೀರಾ ಇಷ್ಟವಾದದ್ದು ಒಂದು ಸಣ್ಣ ಜಾಗ. ಗ್ರೀಕ್ ಪುರಾಣದ ವೀರ ಅಕಿಲೀಸ್ ಅಟ್ಟಿಸಿಕೊಂಡು ಬಂದಾಗ ನೀರಿಗೆ ಬಂದ ಹುಡುಗಿ ಕೊಡ ಬಿಟ್ಟು ಓಡಿದ್ದಾಳೆ. ಬಿದ್ದ ಕೊಡದ ಪಕ್ಕದಲ್ಲೇ ಚಿತ್ರಕಾರ ಬರೆದಿದ್ದಾನೆ: ಹೈಡ್ರಿಯಾ. ಅಂದರೆ ನೀರಿನ ಕೊಡ. ಹೊಸದಾಗಿ ಅಕ್ಷರ ಕಲಿತ ಮಗು ಬಾಗಿಲು, ಗೋಡೆ, ಕುರ್ಚಿ ಎಲ್ಲದರ ಮೇಲೂ ಹೆಸರು ಬರೆಯುವುದಿಲ್ಲವೇ, ಹಾಗೆ.

ಗ್ರೀಕ್ ಹೂಜಿಗಳ ಕಪ್ಪು-ಕೆಂಪಿನ ಗುಟ್ಟು ಹೇಳುವುದು ಕಷ್ಟ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಬಣ್ಣವೇ ಅಲ್ಲ, ಮಣ್ಣು. ಒಂದು ಗಾಜಿನ ಬಾಟಲಿಗೆ ಜೇಡಿಮಣ್ಣು, ನೀರು, ಚಿಟಿಕೆ ಬಟ್ಟೆ ಸೋಡಾ ಹಾಕಿ ಕುಲುಕಿ ರಾತ್ರಿಯಿಡೀ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ, ನುಣುಪು ಕಣ ಮೇಲೆ ತೇಲುತ್ತದೆ. ಆ ಮೇಲಿನದನ್ನು ಬಗ್ಗಿಸಿ ಆರಿಸಿದರೆ ಸಿಗುವುದು ಮಣ್ಣಿನ ಕೆನೆ. ಅಥೆನ್ಸ್‌ನ ಕುಂಬಾರಗೇರಿ ಕೆರಾಮೈಕೋಸ್‌ನವರು ಹೂಜಿಗೆ ಬಳಿಯುತ್ತಿದ್ದದ್ದು ಇಂಥದೇ ಕೆನೆ.

ಆವಿಗೆಯಲ್ಲಿ ಆಗುವುದನ್ನು ನಾವು ಅಂಗಳದಲ್ಲಿ ಆಡುತ್ತೇವೆ. ನಲವತ್ತು ಮಕ್ಕಳು. ಪ್ರತಿಯೊಬ್ಬರ ಕೈಯಲ್ಲೂ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು ರಟ್ಟು. ಅರ್ಧ ಜನ ಹೂಜಿಯ ಮೈಮಣ್ಣು, ಅರ್ಧ ಜನ ಮೇಲೆ ಬಳಿದ ಕೆನೆ. ಗಾಳಿ ಬಿಟ್ಟು ಉರಿಸಿದಾಗ ಎಲ್ಲರೂ ಕೆಂಪು ತೋರಿಸಬೇಕು. ಹಸಿ ಸೌದೆ ತುರುಕಿ ಕಿಂಡಿ ಮುಚ್ಚಿದಾಗ, ಹೊಗೆ ಮಣ್ಣಿನ ಕಬ್ಬಿಣದಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ, ಎಲ್ಲರೂ ಕಪ್ಪು. ಆಗ ಬಿಸಿ 900 ಡಿಗ್ರಿ ದಾಟಿರುತ್ತದೆ, ಕೆನೆಯವರು ಕರಗಿ ಗಾಜಾಗಿ ಒಬ್ಬರ ತೋಳೊಳಗೆ ಒಬ್ಬರು ತೋಳು ಸಿಕ್ಕಿಸಿಕೊಳ್ಳಬೇಕು. ಮತ್ತೆ ಕಿಂಡಿ ತೆಗೆದಾಗ ಮೈಮಣ್ಣಿನವರು ಕೆಂಪಿಗೆ ತಿರುಗಿಸುತ್ತಾರೆ. ಕೆನೆಯವರ ಒಳಗೆ ಗಾಳಿ ಹೋಗುವುದಿಲ್ಲ, ಅವರದು ಕಪ್ಪಾಗಿಯೇ ಉಳಿಯುತ್ತದೆ. ಒಬ್ಬ ಕಿಲಾಡಿ ಹೇಗೋ ರಟ್ಟು ತಿರುಗಿಸಲು ಹೋದ. ಪಕ್ಕದವನು ಬೈದ: "ಏಯ್, ನೀನು ಆಗಲೇ ಗಾಜಾಗೋಗಿದೀಯ ಕಣೋ!" ರಸಾಯನಶಾಸ್ತ್ರ ಅರ್ಥವಾಗಿದೆ ಅಂತ ಅಲ್ಲಿಗೆ ನಾನು ನಂಬಿದೆ.

ಇಲ್ಲಿ ಮಕ್ಕಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆ ನೆನಪಿಸುತ್ತಾರೆ. ನೆನಪಿಸಲಿ. ಆದರೆ ಅದನ್ನು ಅವರಿಂದ ಇವರು ಕಲಿತರು, ಇವರಿಂದ ಅವರು ಕಲಿತರು ಅಂತ ಕಥೆ ಕಟ್ಟಬೇಡಿ. ಬೆಂಕಿ ಎಲ್ಲ ಕಡೆ ಒಂದೇ ಥರ ಸುಡುತ್ತದೆ, ಅಷ್ಟೇ.

ಹೂಜಿಯ ಚಿತ್ರದ ಹಾಗೆ ಗೀರುವ ಕೆಲಸಕ್ಕೆ ಕೇಸರಿ ಕ್ರೇಯಾನ್ ಮೇಲೆ ಕಪ್ಪು ಕ್ರೇಯಾನ್ ದಪ್ಪಗೆ ತಿಕ್ಕಿ, ದಬ್ಬಣ ಕೊಟ್ಟರೆ ಸಾಕು. ಏನು ಗೀರಬೇಕು ಅಂತ ಹೇಳುವ ಮುಂಚೆ ಅಥೆನ್ಸ್‌ನ ಚಿತ್ರಕಾರ ಎಕ್ಸೆಕಿಯಾಸ್‌ನ ಹೂಜಿ ತೋರಿಸಿ, ಅದು ಈಗ ವ್ಯಾಟಿಕನ್‌ನಲ್ಲಿದೆ. ಟ್ರಾಯ್ ಯುದ್ಧದ ನಡುವೆ ಬಿಡುವಿನಲ್ಲಿ ಅಕಿಲೀಸ್, ಅಜಾಕ್ಸ್ ಇಬ್ಬರೂ ಬಾಗಿ ಕೂತು ದಾಳದಾಟ ಆಡುತ್ತಿದ್ದಾರೆ, ಕೈಯಲ್ಲಿ ಈಟಿ ಇನ್ನೂ ಇದೆ. ಒಬ್ಬನ ಬಾಯಿಂದ 'ನಾಲ್ಕು', ಇನ್ನೊಬ್ಬನ ಬಾಯಿಂದ 'ಮೂರು' ಅನ್ನುವ ಅಕ್ಷರ ಹೊರಟಿದೆ. ನಮ್ಮ ಮಕ್ಕಳು ಗೀರಿದ್ದರಲ್ಲಿ ಚೌಕಾಬಾರ ಬಂತು, ಬಸ್ ಸ್ಟಾಂಡ್ ಬಂತು, ಅಜ್ಜಿಯ ಜೊತೆ ಟಿವಿ ರಿಮೋಟಿಗೆ ಜಗಳವೂ ಬಂತು. ಯೂಥಿಮಿಡೀಸ್ ಅನ್ನುವ ಚಿತ್ರಕಾರ ತನ್ನ ಹೂಜಿಯ ಮೇಲೆ 'ಯೂಫ್ರೊನಿಯೊಸ್‌ಗೆ ಎಂದೂ ಬಾರದ ಹಾಗೆ' ಅಂತ ಬರೆದು ಪ್ರತಿಸ್ಪರ್ಧಿಯನ್ನು ಚುಚ್ಚಿದ್ದ ಅಂತ ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟೆ. ಆ ವಾರ ತರಗತಿಯಲ್ಲಿ ಸಹಿಯಿಲ್ಲದ ಚಿತ್ರ ಒಂದೂ ಇರಲಿಲ್ಲ, ಸಹಿಗಳಲ್ಲಿ ಅರ್ಧಕ್ಕರ್ಧ ಬೈಗುಳ.

ಸರಿ, ಆ ಮೂಲೆಯಲ್ಲಿ ಆರು ಕುಂಡ, ಗೋಣಿಚೀಲ, ಸುತ್ತಿಗೆ ಇದೆ. ಒಳಗೆ ಬಣ್ಣ ಬಳಿದೇ ತಂದಿದ್ದೇನೆ. ಒಂದು ಬೆಂಚಿಗೆ ಒಂದು ಕುಂಡ. ಚಹಾ ಬರುವಷ್ಟರಲ್ಲಿ ಒಡೆದು ಮುಗಿಸಿ, ಜೋಡಿಸುವುದು ಚಹಾ ಆದಮೇಲೆ.