ಎಂಟನೇ ನಂಬರ್ ಯಾರಿಗೆ? | ಓವಲ್ ಟೆಸ್ಟ್ ದಿನದ ಚೀಟಿ ಜಗಳ

ನಮಸ್ಕಾರ, ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ಈ ದೃಶ್ಯ ಎಲ್ಲ 2025ರ ಜುಲೈ 31ರದ್ದು. ಇಲ್ಲಿ ಬೆಂಗಳೂರಲ್ಲಿ ಮಧ್ಯಾಹ್ನ ಎರಡೂವರೆ, ಲಂಡನ್ನಲ್ಲಿ ಬೆಳಿಗ್ಗೆ ಹತ್ತು. ಓವಲ್‌ನಲ್ಲಿ ಟಾಸ್‌ಗೆ ಇನ್ನೂ ಅರ್ಧ ಗಂಟೆ. ಭಾರತ-ಇಂಗ್ಲೆಂಡ್ ಐದು ಟೆಸ್ಟಿನ ಸರಣಿ, ಇಂಗ್ಲೆಂಡ್ 2-1 ಮುಂದಿದೆ, ಇದು ಕೊನೇ ಟೆಸ್ಟು. ನನ್ನ ಮಾತು ಮಾತ್ರ ಸರಣಿ ಮುಗಿದು ಬಹಳ ದಿನ ಆದಮೇಲೆ ಸೇರಿಸಿದ್ದು. ಅಂದ್ರೆ ಮುಂದೇನಾಯ್ತು ಅಂತ ನನಗೆ ಗೊತ್ತು, ಹೋಟ್ಲಿನ ಈ ಟೇಬಲ್ ಸುತ್ತ ನಿಂತಿರೋ ಮಹಾನುಭಾವರಿಗೆ ಗೊತ್ತಿಲ್ಲ.

ಚೀಟಿ ಮಡಚೋದೆಲ್ಲ ಕಾಣ್ತಿದೆ, ಬಿಡಿ. ಒಟ್ಟು 18 ಚೀಟಿ, ಒಂದೊಂದರಲ್ಲಿ ನಮ್ಮ ತಂಡದ ಒಬ್ಬೊಬ್ಬನ ಹೆಸರು. ಇವತ್ತು ಆಡೋ ಹನ್ನೊಂದು ಜನ ಯಾರು ಅಂತ ಊಹಿಸೋ ಆಟ. ಮೊದಲು ಆರಿಸಿದ ತಂಡದಲ್ಲೂ 18 ಜನ ಇದ್ರು. ಅದರಲ್ಲಿ ಪಂತ್ ಪಾದದ ಮೂಳೆ ಮುರ್ಕೊಂಡು ಹೊರಗೆ, ನಿತೀಶ್ ರೆಡ್ಡಿ ಮಂಡಿ ಕೆಟ್ಟು ಹೊರಗೆ. ಅನ್ಶುಲ್ ಕಾಂಬೋಜ್, ಜಗದೀಶನ್ ಒಳಗೆ. ಲೆಕ್ಕ ಮತ್ತೆ 18ಕ್ಕೇ ಬಂತು. ಹನ್ನೊಂದೂ ಸರಿಯಾಗಿ ಇಟ್ಟವನಿಗೆ ಇವತ್ತಿನ ಬಿಲ್ ಮಾಫಿ.

ಹಿಂದೆ ಮಿಕ್ಸಿ ಸದ್ದು, ಹಾಗಾಗಿ ಇಲ್ಲಿ ಆಡಿಯೋ ತೆಗೆದಿದ್ದೀನಿ. ಏನೂ ನಷ್ಟ ಇಲ್ಲ. ಮೊದಲ ಎಂಟು ಚೀಟಿಗೆ ಯಾರೂ ಬಾಯಿ ಬಿಡಲ್ಲ. ಜೈಸ್ವಾಲ್, ನಮ್ಮ ರಾಹುಲ್, ಸಾಯಿ ಸುದರ್ಶನ್, ಗಿಲ್. ಕೀಪರ್ ಜುರೆಲ್. ಮ್ಯಾಂಚೆಸ್ಟರ್‌ನಲ್ಲಿ ಔಟಾಗದೆ ಶತಕ ಹೊಡೆದು ಡ್ರಾ ಮಾಡಿಸಿದ ಜಡೇಜ, ವಾಷಿಂಗ್ಟನ್ ಸುಂದರ್. ಆಮೇಲೆ ಸಿರಾಜ್. ಜಗಳ ಏನಿದ್ರೂ ಉಳಿದ ಮೂರು ಜಾಗಕ್ಕೆ. ಅದರಲ್ಲೂ ಆ ಎಂಟನೇ ನಂಬರಿಗೆ, ಅಂದ್ರೆ ಬ್ಯಾಟಿಂಗಲ್ಲಿ ಎಂಟನೆಯವನಾಗಿ ಇಳಿಯೋ ಜಾಗಕ್ಕೆ. ಪಕ್ಕಾ ಬೌಲರ್ ಬೇಕಾ, ಸ್ವಲ್ಪ ಬ್ಯಾಟೂ ಬೀಸೋ ಬೌಲರ್ ಬೇಕಾ ಅಂತ.

ನೋಡಿ, ಈ ಕಡೆ ಕನ್ನಡಕದ ಅಣ್ಣ ಮೇಲಕ್ಕೆತ್ತಿ ತೋರಿಸ್ತಿರೋದು ಸ್ಪಿನ್ನರ್ ಕುಲದೀಪ್ ಯಾದವ್ ಚೀಟಿ. ಸರಣಿ ಪೂರ್ತಿ ಅವರದ್ದು ಇದೇ ರಾಗ. ಅವರ ವಾದ ಸುಮ್ನೆ ಅಭಿಮಾನದ್ದಲ್ಲ, ಅದಕ್ಕೆ ಓವರ್ ಲೆಕ್ಕ ಇದೆ. ಲೀಡ್ಸ್ ತಗೊಳ್ಳಿ. ಎರಡು ಇನಿಂಗ್ಸ್ ಸೇರಿ ನಾವು ಹಾಕಿದ್ದು 182.4 ಓವರ್. ಅದರಲ್ಲಿ ಬ್ಯಾಟೂ ಬೀಸ್ತಾನೆ ಅಂತ ಆಡಿಸಿದ ವೇಗಿ ಶಾರ್ದೂಲ್ ಠಾಕೂರ್ ಹಾಕಿದ್ದು ಆರು ಮತ್ತು ಹತ್ತು, ಒಟ್ಟು 16. ನಾಲ್ಕನೇ ವೇಗಿ ಅಂತ ಹೆಸರಿಗೆ ಆಡಿಸಿ, ಹತ್ತರಲ್ಲಿ ಒಂದು ಪಾಲೂ ಬೌಲಿಂಗ್ ಕೊಡದಿದ್ರೆ ಆ ಹೊರೆ ಯಾರ ಮೇಲೆ? ಮೊದಲ ಇನಿಂಗ್ಸಲ್ಲಿ ಸಿರಾಜ್ 27, ಬುಮ್ರಾ 24.4. ಅವರು ಸುಸ್ತಾದ ಮೇಲೆ ಕೊನೇ ದಿನ ಡಕೆಟ್ 149 ಹೊಡೆದ, ಇಂಗ್ಲೆಂಡ್ 371ನ್ನ ಐದೇ ವಿಕೆಟ್ ಕಳ್ಕೊಂಡು ಮುಟ್ಟಿತು. ಬ್ಯಾಟಿಂಗ್ ಆಳ ಬೇಕು ಅಂತ ಶಾರ್ದೂಲ್ ತಂದ್ರಲ್ಲ, ಆಳ ಎಷ್ಟಿತ್ತು? ಮೊದಲ ಇನಿಂಗ್ಸಲ್ಲಿ ಕೊನೇ ಏಳು ವಿಕೆಟ್ 41 ರನ್ನಿಗೆ, ಎರಡನೇದರಲ್ಲಿ ಕೊನೇ ಆರು 31ಕ್ಕೆ. ಐದು ಶತಕ ಹೊಡೆದೂ ಸೋತ ಪಂದ್ಯ ಅದು. ಶಾರ್ದೂಲ್ ರನ್ನು ಒಂದು, ಆಮೇಲೆ ನಾಲ್ಕು.

ಎದುರು ನಿಂತಿರೋ ಟಿ-ಶರ್ಟ್ ಹುಡುಗ ಹೇಳ್ತಿರೋದು, ಕ್ಯಾಚ್ ಬಿಟ್ಟಿದ್ದಕ್ಕೆ ಸೋತಿದ್ದು, ತಂಡ ಸರಿಯಾಗೇ ಇತ್ತು ಅಂತ. ಅರ್ಧ ನಿಜ. ಲೀಡ್ಸಲ್ಲಿ ಜೈಸ್ವಾಲ್ ಒಬ್ಬನೇ ಬಿಟ್ಟ ಕ್ಯಾಚುಗಳು ಸಾಕಿತ್ತು. ಆದ್ರೆ ಕ್ಯಾಚ್ ಹಿಡಿಯೋದು ಆಯ್ಕೆ ಸಮಿತಿ ಕೈಲಿಲ್ಲ, ಹನ್ನೊಂದು ಹೆಸರು ಬರೆಯೋದು ತಂಡದ ಕೈಲಿದೆ. ಅದನ್ನಾದ್ರೂ ಸರಿ ಮಾಡ್ಬೇಕಲ್ವಾ?

ಆಮೇಲೆ ಇಂಗ್ಲೆಂಡಲ್ಲಿ ಟೆಸ್ಟಿಗೆ ಬಳಸೋ ಆ ಡ್ಯೂಕ್ಸ್ ಚೆಂಡಿನ ವಿಷಯ. ಆ ಬೇಸಿಗೆಯಲ್ಲಿ ಚೆಂಡು ಮೂವತ್ತು ಓವರಿಗೆಲ್ಲ ಮೆತ್ತಗಾಗಿ ಆಕಾರ ಕಳ್ಕೊಳ್ತಿತ್ತು. ಅಂಪೈರು ಬಳೆ ಥರದ ಅಳತೆ ಉಂಗುರ ಇಟ್ಕೊಂಡಿರ್ತಾರಲ್ಲ, ಚೆಂಡು ಅದರೊಳಗೆ ದಾಟ್ಬೇಕಾದ ಕಡೆ ದಾಟದಿದ್ರೆ ಬೇರೆ ಚೆಂಡು. ಲಾರ್ಡ್ಸಲ್ಲಿ ಎರಡನೇ ಹೊಸ ಚೆಂಡು ಹತ್ತು ಓವರ್ ಚಿಲ್ಲರೆಗೇ ಕೆಟ್ಟಿತ್ತು, ಬದಲಾಯಿಸಿ ಕೊಟ್ಟಿದ್ದನ್ನೂ ಮತ್ತೆ ಬದಲಾಯಿಸ್ಬೇಕಾಯ್ತು. ಹೊಸ ಚೆಂಡು ಸಿಗೋದು 80 ಓವರ್ ಆದ್ಮೇಲೆ. ಹಾಗಾದ್ರೆ ಮೂವತ್ತರಿಂದ ಎಂಬತ್ತರವರೆಗೆ ಐವತ್ತು ಓವರ್ ಯಾರು ಹಾಕ್ತಾರೆ? ಮಣಿಕಟ್ಟು ತಿರುಗಿಸೋ ಸ್ಪಿನ್ನರಿಗೆ ಚೆಂಡು ಗಟ್ಟಿ ಇರ್ಲೇಬೇಕು ಅಂತಿಲ್ಲ. ಅಂಥ ಸ್ಪಿನ್ನರ್ ಕುಲದೀಪ್, ಆಗ 13 ಟೆಸ್ಟಲ್ಲಿ 56 ವಿಕೆಟ್ ತೆಗೆದಿದ್ದವನು, ಪ್ರವಾಸ ಪೂರ್ತಿ ನೀರು ಹೊತ್ತ. ಮ್ಯಾಂಚೆಸ್ಟರಲ್ಲಿ ಇಂಗ್ಲೆಂಡ್ 157.1 ಓವರ್ ಆಡಿ 669 ಹೊಡೀತು, ಶಾರ್ದೂಲ್‌ಗೆ ಸಿಕ್ಕಿದ್ದು 11 ಓವರ್. ನನ್ನ ಪ್ರಕಾರ ಈ ಸರಣಿಯ ದೊಡ್ಡ ತಪ್ಪು ಆಯ್ಕೆ ಅಲ್ಲಿ ಕುಲದೀಪ್ ಬಿಟ್ಟು ಶಾರ್ದೂಲ್‌ನ ಆಡಿಸಿದ್ದೇ. ಆಕಾಶ್ ದೀಪ್, ಅರ್ಶ್‌ದೀಪ್, ನಿತೀಶ್ ಮೂವರಿಗೂ ಏಟಾಗಿತ್ತು, ಒಪ್ದೆ. ಕಾಂಬೋಜ್‌ನ ತಗೊಂಡಿದ್ದು ಅನಿವಾರ್ಯ. ರಣಜಿಯಲ್ಲಿ ಕೇರಳದ ಮೇಲೆ ಒಂದೇ ಇನಿಂಗ್ಸಲ್ಲಿ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದ ಹುಡುಗ. ಶಾರ್ದೂಲ್ ಮಾತ್ರ ಅನಿವಾರ್ಯ ಆಗಿರ್ಲಿಲ್ಲ.

ಇಲ್ಲಿ ಕಾಫಿ ಬಂತು. ಬೈ-ಟು ಹೇಳಿದ್ದಾರೆ, ಮೂರು ಕಾಫಿ, ಆರು ಲೋಟ. ನಿಂತ್ಕೊಂಡು ತಿನ್ನೋ ಹೋಟ್ಲಲ್ಲಿ ಇಷ್ಟು ಹೊತ್ತು ಟೇಬಲ್ ಹಿಡ್ಕೊಂಡ್ರೆ ಯಜಮಾನರ ಮುಖ ನೋಡಕ್ಕಾಗಲ್ಲ, ಅದಕ್ಕೆ ಇಪ್ಪತ್ತು ನಿಮಿಷಕ್ಕೊಂದು ಆರ್ಡರ್ ಹೋಗ್ತಾನೇ ಇರ್ಬೇಕು. ಬೋಂಡಾ ಸೂಪ್ ಚೆನ್ನಾಗಿರತ್ತೆ, ಆದ್ರೆ ಚೀಟಿ ಇರೋ ಟೇಬಲ್ ಮೇಲೆ ಬೇಡ. ಸರಿ, ಶಾಟ್ ಬದಲಾಯ್ತು.

ಬುಮ್ರಾ ಚೀಟಿ. ಇದಕ್ಕೆ ಆದ ಗಲಾಟೆ ಕೇಳಿದ್ರೆ ನಗು ಬರತ್ತೆ. "ಅವ್ನು ಆಡಿದ್ರೆ ಸೋಲ್ತೀವಿ ಕಣೋ, ಬಿಟ್ರೆ ಗೆಲ್ತೀವಿ!" ಲೀಡ್ಸ್ ಮತ್ತೆ ಲಾರ್ಡ್ಸಲ್ಲಿ ಆಡಿದ, ಎರಡೂ ಸೋಲು. ಮ್ಯಾಂಚೆಸ್ಟರ್ ಡ್ರಾ. ಬರ್ಮಿಂಗ್‌ಹ್ಯಾಮಲ್ಲಿ ಕೂತ, 336 ರನ್ನಿಂದ ಗೆದ್ವಿ. ಇದನ್ನ ಜ್ಯೋತಿಷ್ಯ ಅನ್ಬೇಕೇ ಹೊರತು ಕ್ರಿಕೆಟ್ ಅನ್ನಕ್ಕಾಗಲ್ಲ. ಬರ್ಮಿಂಗ್‌ಹ್ಯಾಮಲ್ಲಿ ಗಿಲ್ 269 ಮತ್ತು 161 ಹೊಡೆದ, ಆಕಾಶ್ ದೀಪ್ ಹತ್ತು ವಿಕೆಟ್ ತೆಗೆದ. ಬುಮ್ರಾ ಆಡಿದ್ರೆ ಆ ರನ್ನು ಕಡಿಮೆಯಾಗ್ತಿತ್ತಾ?

ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡೋದು ಅಂತ ಮೊದಲೇ ಹೇಳಿದ್ರು, ಸರಿ. ಕೇಳ್ಬೇಕಾದ ಪ್ರಶ್ನೆ ಯಾವ ಮೂರು ಅಂತ. ಲೀಡ್ಸ್ ಮುಗಿದ ಮೇಲೆ ಏಳು ದಿನ ಪೂರ್ತಿ ಬಿಡುವಿತ್ತು, ಅಲ್ಲಿ ಕೂರಿಸಿದ್ರು. ಮ್ಯಾಂಚೆಸ್ಟರ್ ಆದ್ಮೇಲೆ ಮೂರೇ ದಿನ. ಅಲ್ಲಿ 33 ಓವರ್ ಹಾಕಿದವನನ್ನ ಓವಲಲ್ಲಿ ಮತ್ತೆ ಇಳಿಸಿ ಅಂತ ಈ ಹುಡುಗ ಟೇಬಲ್ ಕುಟ್ತಿದ್ದಾನೆ. ಮೂರು ಟೆಸ್ಟಲ್ಲಿ 119.4 ಓವರ್ ಆಗಿದೆ ಕಣಪ್ಪ, ಬೆನ್ನು ಯಾರದ್ದು?

ಈಗ ಬರ್ತಿದೆ ನೋಡಿ, ಆ ದಿನ ಎಲ್ಲರ ತಲೆ ಕೆಡಿಸಿದ ಭಾಗ. ಮೂರು ಗಂಟೆ. ನಾಯಕರು ಹನ್ನೊಂದು ಹೆಸರನ್ನ ಬರೆದು ರೆಫ್ರಿಗೆ ಕೊಟ್ಟೇ ಟಾಸ್‌ಗೆ ಇಳೀಬೇಕು, ಹಾಗಾಗಿ ತಂಡ ಹೊರಬೀಳೋದೂ ಅದೇ ಹೊತ್ತಿಗೆ. ಗೋಡೆ ಮೇಲಿನ ಟಿವಿಲಿ ಗಿಲ್ ಇನ್ನೂ ನಡ್ಕೊಂಡು ಬರ್ತಿದ್ದಾನೆ. ಮೂಲೆಲಿ ನಿಂತವನ ಫೋನ್ ಟಿಣ್ ಅಂತು. "ಕರುಣ್ ನಾಯರ್ ಇದಾನೆ, ಕುಲದೀಪ್ ಇಲ್ಲ!" ಮುಗೀತು. ಅರ್ಧ ಗಂಟೆ ಚೀಟಿ ಆಟ, ಒಂದು ಟಿಣ್‌ಗೆ ನೀರುಪಾಲು. ಕನ್ನಡಕದ ಅಣ್ಣ ಎಷ್ಟು ಬೈದ್ರು ಅಂದ್ರೆ ಆ ಮಾತು ಇಲ್ಲಿ ಹಾಕಕ್ಕಾಗಲ್ಲ.

ಇದು ಯಾಕಾಗತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜನ ಸುಮ್ನೆ ವೈಫೈಯವರನ್ನ ಬೈತಾರೆ. ಸ್ಕೋರ್ ಆ್ಯಪ್‌ಗೆ ಬರೀ ಅಕ್ಷರ ಬರತ್ತೆ, ಯಾರೋ ಟೈಪ್ ಮಾಡಿದ ತಕ್ಷಣ ಬಂದುಬಿಡತ್ತೆ. ಟಿವಿಗೆ ಚಿತ್ರ ಉಪಗ್ರಹ ಹತ್ತಿ ಇಳೀಬೇಕು, ಕೆಲವು ಸೆಕೆಂಡು. ಫೋನ್ ಸ್ಟ್ರೀಮು ಎಲ್ಲಕ್ಕಿಂತ ನಿಧಾನ. ವಿಡಿಯೋನ ಕೆಲವು ಸೆಕೆಂಡಿನ ತುಂಡು ತುಂಡು ಮಾಡಿ ಕಳಿಸ್ತಾರೆ, ಫೋನು ನಾಲ್ಕಾರು ತುಂಡು ಕೂಡಿಟ್ಕೊಂಡೇ ತೋರಿಸೋದು, ಮಧ್ಯೆ ನಿಲ್ಲಬಾರದು ಅಂತ. ಅರ್ಧ ನಿಮಿಷ ಹಿಂದೆ ಇದ್ರೂ ಆಶ್ಚರ್ಯ ಇಲ್ಲ. ಇಂಟರ್ನೆಟ್ ಎಷ್ಟೇ ಜೋರಿದ್ರೂ ಆ ತಡ ಹೋಗಲ್ಲ. ಅಕ್ಕಪಕ್ಕದ ಎರಡು ಫೋನೇ ಒಂದಕ್ಕೊಂದು ಹೊಂದಲ್ಲ. ಗುಂಪಾಗಿ ನೋಡೋರು ಹೀಗೆ ಮಾಡಿ: ಒಂದೇ ಪರದೆ. ಉಳಿದ ಫೋನಲ್ಲಿ ಸ್ಕೋರ್ ನೋಟಿಫಿಕೇಶನ್ ಆಫ್. ಬರೀ ಸೈಲೆಂಟ್ ಸಾಲದು, ಪರದೆ ಬೆಳಗಿದ್ರೂ ಕಣ್ಣು ಹೋಗೇ ಹೋಗತ್ತೆ. ಎರಡನೇ ಪರದೆ ಬೇಕೇಬೇಕು ಅಂದ್ರೆ ಮುಂದಿರೋದನ್ನ ತಡೆದು, ಹಿಂದಿನದಕ್ಕೆ ಸಮ ಮಾಡ್ಕೊಳ್ಳಿ. ಅದೂ ಜಾಹೀರಾತು ಬಂದ್ರೆ ಮತ್ತೆ ತಪ್ಪತ್ತೆ. ವಿಕೆಟ್ ಬೀಳೋಕೆ ಮೊದಲೇ ಪಕ್ಕದ ಮನೆಯವರು ಕೂಗೋದಕ್ಕೆ ಮಾತ್ರ ಯಾರ ಹತ್ರನೂ ಮದ್ದಿಲ್ಲ.

ಅಯ್ಯೋ, ಟಾಸ್ ಆಗೋಯ್ತು. ಸೋತ್ವಿ. ಐದಕ್ಕೆ ಐದೂ ಟಾಸ್ ಸೋತ ಸರಣಿ.

ತಂಡದಲ್ಲಿ ನಾಲ್ಕು ಬದಲಾವಣೆ. ಜುರೆಲ್, ಕರುಣ್, ಆಕಾಶ್ ದೀಪ್, ಪ್ರಸಿದ್ಧ್ ಒಳಗೆ. ಪಂತ್, ಶಾರ್ದೂಲ್, ಬುಮ್ರಾ, ಕಾಂಬೋಜ್ ಹೊರಗೆ. ಹನ್ನೊಂದಕ್ಕೆ ಹನ್ನೊಂದು ಯಾರದ್ದೂ ಸರಿ ಬರ್ಲಿಲ್ಲ, ಬಿಲ್ ಎಲ್ರೂ ಹಂಚ್ಕೊಂಡ್ರು. ಪ್ರಸಿದ್ಧ್ ಹೆಸರು ಕೇಳಿ ಈ ಟೇಬಲ್ಲು ಗೊಣಗಿದ್ದು ನೋಡಿ. ನಮ್ಮ ಊರಿನ ಬೌಲರ್, ಆದ್ರೂ ಗೊಣಗಾಟ. ಕಾರಣ ಇತ್ತು. ಲೀಡ್ಸಲ್ಲಿ 20 ಓವರಿಗೆ 128 ಕೊಟ್ಟಿದ್ದ, ಬರ್ಮಿಂಗ್‌ಹ್ಯಾಮಲ್ಲಿ ಜೇಮಿ ಸ್ಮಿತ್ ಒಂದೇ ಓವರಲ್ಲಿ 23 ಬಾರಿಸಿದ್ದ. ಎತ್ತರದ ಬೌಲರು ಚೆಂಡನ್ನ ನಡುಪಿಚ್ಚಿಗೆ ಕುಟ್ತಾನೇ ಇದ್ರೆ ಪುಲ್ ಹೊಡೆಯೋರಿಗೆ ಹಬ್ಬ. ಓವಲಲ್ಲಿ ಅದೇ ಮನುಷ್ಯ ಚೆಂಡನ್ನ ಬ್ಯಾಟಿನ ಹತ್ತಿರಕ್ಕೆ, ಮುಂದಕ್ಕೆ ಹಾಕಿದ. ನಾಲ್ಕು, ಮತ್ತೆ ನಾಲ್ಕು, ಎಂಟು ವಿಕೆಟ್.

ಕುಲದೀಪ್ ವಿಷಯಕ್ಕೆ ವಾಪಸ್ ಬರ್ತೀನಿ, ಇಲ್ಲಿ ನನ್ನ ಮಾತು ಪೂರಾ ತಿರುಗತ್ತೆ. ಓವಲಲ್ಲಿ ಇಂಗ್ಲೆಂಡಿನ ಕೊನೇ ಇನಿಂಗ್ಸ್ 85.1 ಓವರ್. ಸಿರಾಜ್ 30.1, ಪ್ರಸಿದ್ಧ್ 27, ಆಕಾಶ್ ದೀಪ್ 20. ಜಡೇಜಾಗೆ ನಾಲ್ಕು, ಸುಂದರ್‌ಗೆ ನಾಲ್ಕು. ಇಬ್ಬರು ಸ್ಪಿನ್ನರಿಗೂ ಸೇರಿ ಎಂಟೇ ಓವರ್! ಆ ಹಸಿರು ಪಿಚ್ಚಲ್ಲಿ ಕುಲದೀಪ್ ಬಂದಿದ್ರೆ ಏನ್ ಮಾಡ್ತಿದ್ದ? ಇನ್ನೊಂದು ಲೆಕ್ಕ ನೋಡಿ. ನಮ್ಮ ಎರಡನೇ ಇನಿಂಗ್ಸಲ್ಲಿ ಒಂಬತ್ತು ವಿಕೆಟ್ಟಿಗೆ 357. ಕೊನೇ ವಿಕೆಟ್ಟಿಗೆ 39 ಬಂತು. ಪ್ರಸಿದ್ಧ್ ಸೊನ್ನೆ, ಹೊಡೆದಿದ್ದು ಸುಂದರ್. 46 ಎಸೆತಕ್ಕೆ 53. ಪಂದ್ಯ ಗೆದ್ದಿದ್ದು ಎಷ್ಟರಿಂದ? ಆರು ರನ್. ಆ ಜಾಗದಲ್ಲಿ ಬ್ಯಾಟ್ ಬರದವನಿದ್ರೆ ಸರಣಿ 3-1, ಮಾತೇ ಇಲ್ಲ.

ಹಾಗಾದ್ರೆ ಬ್ಯಾಟಿಂಗ್ ಆಳ ಬೇಕು ಅನ್ನೋರು ಗೆದ್ರಾ? ಇಲ್ಲ ರೀ, ತಡೀರಿ. ಸುಂದರ್ ಬೇರೆ, ಶಾರ್ದೂಲ್ ಬೇರೆ. ಸುಂದರ್ ಸರಣಿಲಿ 284 ರನ್ ಹೊಡೆದ, ಲಾರ್ಡ್ಸಲ್ಲಿ 22 ರನ್ನಿಗೆ ನಾಲ್ಕು ವಿಕೆಟ್ ತೆಗೆದ. ಎಂಟನೇ ನಂಬರಿನವನು ತನ್ನ ಒಂದು ಕೆಲಸದ ಮೇಲೆ ತಂಡಕ್ಕೆ ಬರೋ ಹಾಗಿರ್ಬೇಕು, ಇನ್ನೊಂದು ಕೆಲಸ ಬೋನಸ್. ಅದೂ ಸ್ವಲ್ಪ ಇದೂ ಸ್ವಲ್ಪ ಅನ್ನೋನಿಗೆ ನಾಯಕ ಬೌಲಿಂಗೂ ಕೊಡಲ್ಲ.

ಈ ಕ್ಲಿಪ್ಪು ಆಗಸ್ಟ್ 4ರದ್ದು, ಅದೇ ಹೋಟ್ಲು, ಅದೇ ಟೇಬಲ್. ಇಂಗ್ಲೆಂಡಿಗೆ 35 ಬೇಕು. ಟೇಬಲ್ಲಲ್ಲಿ ಕೂಗಾಟ ಏನಂದ್ರೆ 80 ಓವರ್ ಆದ ತಕ್ಷಣ ಹೊಸ ಚೆಂಡು ತಗೋ ಅಂತ. ಗಿಲ್ ತಗೊಳ್ಲಿಲ್ಲ. ಹಳೇದೇ ಸ್ವಿಂಗ್ ಆಗ್ತಿತ್ತು. ಹೊಸದಾದ್ರೆ ಗಟ್ಟಿ, ಬ್ಯಾಟಿನ ಅಂಚಿಗೆ ತಾಗಿದ್ರೂ ಬೌಂಡರಿಗೆ ಓಡತ್ತೆ. ಭುಜಕ್ಕೆ ಏಟಾಗಿದ್ದ ವೋಕ್ಸ್ ಒಂದು ಕೈನ ಜೋಲಿಲಿ ಕಟ್ಕೊಂಡೇ ಬ್ಯಾಟ್ ಹಿಡಿದು ಬಂದ, ಆ್ಯಟ್ಕಿನ್ಸನ್ ಸ್ಟಂಪ್ ಹಾರಿತು, ಸರಣಿ 2-2. ಐದೂ ಟೆಸ್ಟ್ ಆಡಿದ ಸಿರಾಜ್‌ಗೆ 23 ವಿಕೆಟ್. ಹಿಂದಿನ ದಿನ ಬ್ರೂಕ್ 19ರಲ್ಲಿದ್ದಾಗ ಪ್ರಸಿದ್ಧ್ ಓವರಲ್ಲಿ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದವನೂ ಇವನೇ. ಅದನ್ನ ಈಗ ಯಾರೂ ಎತ್ತಲ್ಲ.

ಕರುಣ್ ಬಗ್ಗೆ ಹೇಳ್ದೆ ಹೋದ್ರೆ ಇಲ್ಲಿ ಬಿಡಲ್ಲ. 2016ರಲ್ಲಿ ಚೆನ್ನೈಲಿ ಇದೇ ಇಂಗ್ಲೆಂಡ್ ಮೇಲೆ 303, ಆಮೇಲೆ ಎಂಟು ವರ್ಷ ಹೊರಗೆ. ವಿದರ್ಭಕ್ಕೆ ಹೋಗಿ 2024-25ರ ರಣಜಿಲಿ 863 ಹೊಡೆದು ಬಾಗಿಲು ಒಡೆದು ಬಂದ. ಇಲ್ಲಿ ಎಂಟು ಇನಿಂಗ್ಸಲ್ಲಿ 205, ಸರಾಸರಿ 25.62. ಓವಲಿನ ಮೊದಲ ಇನಿಂಗ್ಸಲ್ಲಿ ನಮ್ಮ ಕಡೆ ಅತಿ ಹೆಚ್ಚು ಅವನದ್ದೇ, 57, ಆ ಪಿಚ್ಚಲ್ಲಿ ಅದು ಬೆಲೆಯುಳ್ಳ ಆಟ. ಆದ್ರೆ 20, 31, 26, 40, ಹೀಗೆ ಶುರು ಮಾಡಿ ಮಾಡಿ ಔಟಾದ್ರೆ ಆರಿಸೋರು ಎಷ್ಟು ದಿನ ಕಾಯ್ತಾರೆ? ಮೂರನೇ ನಂಬರ್, ಆರನೇ ನಂಬರ್ ಅಂತ ಅಲ್ಲಾಡಿಸಿದ್ದೂ ತಪ್ಪೇ. ವೆಸ್ಟ್ ಇಂಡೀಸ್ ಸರಣಿಗೆ ಅವನನ್ನ ಬಿಟ್ಟು ದೇವದತ್ತ ಪಡಿಕ್ಕಲ್‌ನ ಕರೆದ್ರು. ನಮ್ಮವನೊಬ್ಬ ಹೋಗಿ ನಮ್ಮವನೊಬ್ಬ ಬಂದ, ಟೇಬಲ್ಲಿಗೆ ಯಾರನ್ನ ಬೈಬೇಕು ಅಂತಾನೇ ಗೊತ್ತಾಗ್ಲಿಲ್ಲ.

ಕುಲದೀಪ್‌ಗೆ ಆ ವೆಸ್ಟ್ ಇಂಡೀಸ್ ಸರಣಿಲಿ ಎರಡು ಟೆಸ್ಟಿಗೆ 12 ವಿಕೆಟ್. ಕನ್ನಡಕದ ಅಣ್ಣನ ಫೋನು ಇನ್ನೂ ಬರ್ತಿದೆ. ಅಹಮದಾಬಾದಲ್ಲಿ ನಿತೀಶ್ ರೆಡ್ಡಿನೂ ಆಡಿದ, ಬ್ಯಾಟಿಂಗ್ ಸಿಗಲೇ ಇಲ್ಲ, ಓವರ್ ಬೆರಳೆಣಿಕೆ. ಸರಿ, ಬಿಲ್ ಬಂತು, ಕ್ಯಾಮೆರಾ ಮುಚ್ತಿದ್ದಾರೆ. ನಿತೀಶ್ ಜಗಳ ಮುಂದಿನ ವಿಡಿಯೋದಲ್ಲಿ.