ಹಾಜರಿ ಪುಸ್ತಕ ಮತ್ತು ಹಾಸ್ಟೆಲ್ ಜ್ವರ

ವೇದಿಕೆಯ ಮೇಲಿರುವವರಿಗೆ, ವಾರ್ಡನ್‌ಗಳಿಗೆ, ಮೆಸ್ ನೋಡಿಕೊಳ್ಳುವವರಿಗೆ ನಮಸ್ಕಾರ.

ನಮ್ಮಲ್ಲಿ ಫ್ಲೂಗೆ ವರ್ಷಕ್ಕೆ ಎರಡು ಸುಗ್ಗಿ. ಜನವರಿಯಿಂದ ಮಾರ್ಚ್‌ವರೆಗೆ ಒಂದು, ಮಳೆಗಾಲದಲ್ಲಿ ಶುರುವಾಗಿ ಅದರ ಕೊನೆಯವರೆಗೆ ಇನ್ನೊಂದು. ಸ್ಯಾನಿಟೈಸರ್ ಬಾಟಲಿ ಎಲ್ಲಿಡಬೇಕು ಎಂದು ಕೇಳಲು ಬಂದಿದ್ದೀರಿ, ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಾಜರಿ ಪುಸ್ತಕ.

ಶೇಕಡ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹುಡುಗ ಏನು ಮಾಡುತ್ತಾನೆ? ಬೆಳಿಗ್ಗೆ 101 ಡಿಗ್ರಿ ಜ್ವರ. ಒಂದು ಡೋಲೊ ನುಂಗಿ ಒಂಬತ್ತಕ್ಕೆ ಕ್ಲಾಸಿನಲ್ಲಿ ‘ಎಸ್ ಸರ್’ ಎನ್ನುತ್ತಾನೆ. ಮಾತ್ರೆ ನಾಲ್ಕಾರು ಗಂಟೆ ಜ್ವರ ಇಳಿಸುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಫ್ಲೂ ಹೆಚ್ಚು ಅಂಟುವುದು ಮೊದಲ ಮೂರು ದಿನ. ಆ ಮೂರು ದಿನವೂ ಅವನು ಅರವತ್ತು ಜನರ ನಡುವೆ ಕೂತಿರುತ್ತಾನೆ.

ಇಲ್ಲಿ ಒಂದು ಕಥೆ ಹೇಳಲೇಬೇಕು. 1978ರ ಜನವರಿ, ಇಂಗ್ಲೆಂಡಿನ ಒಂದು ವಸತಿ ಶಾಲೆ, 763 ಹುಡುಗರು. ರಜೆ ಮುಗಿಸಿ ಹಾಂಗ್‌ಕಾಂಗ್‌ನಿಂದ ಬಂದ ಒಬ್ಬನಿಗೆ ಮೂರು ದಿನ ಸಣ್ಣ ಜ್ವರ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 22ನೇ ತಾರೀಕು ಹಾಸಿಗೆ ಹಿಡಿದವರು 3 ಜನ. ಒಂದು ವಾರ ತುಂಬುವುದರೊಳಗೆ ಒಂದೇ ದಿನ ಹಾಸಿಗೆಯಲ್ಲಿದ್ದವರು ಹತ್ತಿರಹತ್ತಿರ 300. ಎರಡು ವಾರ ಕಳೆದು ಲೆಕ್ಕ ಹಾಕಿದರೆ 512 ಹುಡುಗರಿಗೆ ಬಂದು ಹೋಗಿತ್ತು. ನನ್ನನ್ನು ಕಾಡುವ ಸಂಖ್ಯೆ ಇನ್ನೊಂದಿದೆ. ಹುಡುಗರ ಜೊತೆ ಓಡಾಡಿದ ದೊಡ್ಡವರು ಸುಮಾರು 130 ಜನ, ಮಲಗಿದ್ದು ಒಬ್ಬರು. ಯಾಕೆ? ಅದು ಎಚ್1ಎನ್1 ಎಂಬ ಫ್ಲೂ ತಳಿ. 1957ರವರೆಗೆ ಓಡಾಡಿಕೊಂಡಿದ್ದು ಮಾಯವಾಗಿ ಮತ್ತೆ ಬಂದಿತ್ತು. ದೊಡ್ಡವರಿಗೆ ಹಳೆಯ ಪರಿಚಯ, ಹುಡುಗರಿಗೆ ಹೊಸ ಮುಖ. ಆದ್ದರಿಂದ ವಾರ್ಡನ್ ಸಾಹೇಬರೇ, ‘ನನಗೇನೂ ಆಗಿಲ್ಲ, ಇದು ಬರೀ ನೆಗಡಿ’ ಎನ್ನುವ ತೀರ್ಪು ಬೇಡ.

ಹಾಗಾದರೆ ಏನು ಮಾಡಬೇಕು? ಜ್ವರ ಬಂದವರಿಗಾಗಿ ಕಾರಿಡಾರಿನ ತುದಿಯಲ್ಲಿ ಎರಡು ಕೋಣೆ ಖಾಲಿ ಮಾಡಿ. ಶೌಚಾಲಯ ಬೇರೆ ಇರಲಿ, ಎದುರುಬದುರು ಕಿಟಕಿ ಇರಲಿ. ಮಂಚಗಳ ನಡುವೆ ಕನಿಷ್ಠ ಒಂದು ಮೀಟರ್. ಒಬ್ಬನ ತಲೆ ಇರುವ ಕಡೆ ಪಕ್ಕದವನ ಕಾಲು. ಸೊಳ್ಳೆ ಬರುತ್ತದೆಂದು ಹುಡುಗರು ಕಿಟಕಿ ಮುಚ್ಚುತ್ತಾರೆ. ಜಾಲರಿ ಹಾಕಿಸಿ, ತೆರೆಯುತ್ತಾರೆ. ಸೀಲಿಂಗ್ ಫ್ಯಾನ್ ಅದೇ ಗಾಳಿಯನ್ನು ಸುತ್ತಿಸುತ್ತದೆ ಅಷ್ಟೆ. ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಬೇಕು. ಊಟ ಬಾಗಿಲ ಬಳಿ ಇಟ್ಟು ಬರಲಿ. ಹೊರಗೆ ಬಂದರೆ ರೋಗಿಗೇ ಮಾಸ್ಕ್.

ಒಂದು ರಿಜಿಸ್ಟರ್ ಇಡಿ: ಹೆಸರು, ಕೋಣೆ, ಜ್ವರ ಶುರುವಾದ ದಿನ. ಒಂದೇ ಮಹಡಿಯಲ್ಲಿ ಮೂರು ದಿನದೊಳಗೆ ಮೂವರಾದರೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಕ್ಲಾಸಿಗೆ ವಾಪಸ್ ಯಾವಾಗ? ಪ್ಯಾರಾಸಿಟಮಾಲ್ ಇಲ್ಲದೆ 24 ಗಂಟೆ ಜ್ವರ ಬಾರದೆ ಇದ್ದ ಮೇಲೆ. ‘ಮಾತ್ರೆ ಇಲ್ಲದೆ’ ಎನ್ನುವುದನ್ನೇ ಎಲ್ಲರೂ ಮರೆಯುತ್ತಾರೆ.

ಮತ್ತೆ ಹಾಜರಿಗೇ ಬಂದೆ, ಕ್ಷಮಿಸಿ. ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ಕೇಳುತ್ತೀರಿ. ಆ ಒಂದು ಚೀಟಿಗಾಗಿ ಜ್ವರದ ಹುಡುಗಿ ಬಸ್ಸು ಹತ್ತಿ, ಹೊರರೋಗಿ ವಿಭಾಗದ ಸಾಲಿನಲ್ಲಿ ಬಸುರಿಯರ, ಮುದುಕರ ನಡುವೆ ಎರಡು ಗಂಟೆ ಕೆಮ್ಮುತ್ತಾ ನಿಲ್ಲುತ್ತಾಳೆ. ವಾರ್ಡನ್ ರಿಜಿಸ್ಟರೇ ಸಾಕ್ಷಿಯಾದರೆ ಸಾಲದೇ? ತಪ್ಪಿದ ಇಂಟರ್ನಲ್ಸ್‌ಗೆ ಇನ್ನೊಂದು ದಿನ ಕೊಡಿ. ಸುಳ್ಳು ಜ್ವರದವರೂ ಬರುತ್ತಾರೆ, ಬರಲಿ, ಥರ್ಮಾಮೀಟರ್ ಇದೆಯಲ್ಲ.

ಆದರೆ ಪ್ರತ್ಯೇಕಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಲಕ್ಷಣ ಕಾಣುವ ಒಂದು ದಿನ ಮೊದಲೇ ಫ್ಲೂ ಹರಡಲು ಶುರುವಾಗುತ್ತದೆ, ನಾವು ಹೇಗೂ ಒಂದು ದಿನ ಹಿಂದೆ. ಅದಕ್ಕೇ ಲಸಿಕೆ. ವೈರಸ್ ಬದಲಾಗುವುದರಿಂದ ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಹೇಳುತ್ತದೆ. ಹೋದ ವರ್ಷದ ಸೂಜಿ ಈ ವರ್ಷಕ್ಕೆ ಸಾಲದು. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕು. ಪಕ್ಕದ ಕೋಣೆಯಲ್ಲಿ ಕೆಮ್ಮು ಶುರುವಾದ ಮೇಲೆ ಓಡಿದರೆ ತಡವಾಯಿತು. ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು, ಮೆಸ್ ಸಿಬ್ಬಂದಿ ಮೊದಲು.

ಐದು ನಿಮಿಷ ಅಂತ ಚೀಟಿ ಬಂತು. ಬೇಗ ಹೇಳುತ್ತೇನೆ. ಸ್ಯಾನಿಟೈಸರ್‌ನಲ್ಲಿ ಕನಿಷ್ಠ ಶೇಕಡ 60 ಆಲ್ಕೋಹಾಲ್, ಮೆಸ್ ಬಾಗಿಲಲ್ಲಿಡಿ. ಕೈತೊಳೆಯುವ ಸೋಪಿಗೆ ನೀರು ಬೆರೆಸಿ ಉಳಿತಾಯ ಮಾಡಬೇಡಿ. ಚಿಲಕ, ನಲ್ಲಿ, ಸ್ವಿಚ್ಚಿನ ಮೇಲೆ ವೈರಸ್ ಒಂದೆರಡು ದಿನ ಉಳಿಯಬಲ್ಲದು. ಶೇಕಡ 5ರ ಬ್ಲೀಚ್ ದ್ರವ 20 ಮಿಲಿ, ಲೀಟರ್ ನೀರಿಗೆ, ದಿನವೂ ಹೊಸದು. ಬಟ್ಟೆ ಅದ್ದಿ ಒರೆಸಿ, ಸ್ವಿಚ್ಚಿನ ಮೇಲೆ ಸುರಿಯಬೇಡಿ. ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ವಿಷಗಾಳಿ. ಹಬೆ ತೆಗೆದುಕೊಂಡರೆ ಮೂಗು ಬಿಡುತ್ತದೆ, ವೈರಸ್ ಸಾಯುವುದಿಲ್ಲ. ಮಂಚದ ಮೇಲೆ ಕುದಿನೀರಿನ ಬಕೆಟ್ ಬೇಡ. ಆಸ್ಪಿರಿನ್ ಹದಿನೆಂಟರೊಳಗಿನವರಿಗೆ ಬೇಡವೇ ಬೇಡ. ಆ್ಯಂಟಿಬಯೋಟಿಕ್ ಫ್ಲೂಗಲ್ಲ. ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ ವೈದ್ಯರು ಬರೆದರೆ ಮಾತ್ರ. ಮೊದಲ 48 ಗಂಟೆಯಲ್ಲಿ ಶುರುವಾದರೆ ಹೆಚ್ಚು ಉಪಯೋಗ.

ಇದನ್ನು ಹೇಳದೆ ಇಳಿಯುವುದಿಲ್ಲ. ಉಸಿರಾಟದ ತೊಂದರೆ, ಎದೆನೋವು, ಗೊಂದಲದ ಮಾತು, ಮೂತ್ರ ಹೋಗದಿರುವುದು, ಇಳಿದ ಜ್ವರ ಮತ್ತೆ ಏರಿ ಕೆಮ್ಮು ಹೆಚ್ಚುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆ. 108ಕ್ಕೆ ಫೋನ್ ಮಾಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಗೇಟ್ ಪಾಸ್ ಕೇಳಬೇಡಿ.