ಸ್ಲೈಡಿನಿಂದ ಪಾಠಯೋಜನೆಗೆ: ಎಐ ಎಲ್ಲಿಯವರೆಗೆ ಜೊತೆಗೆ ಬಂದೀತು?

ಮಾನ್ಯ ಶಿಕ್ಷಕ ಬಂಧುಗಳೇ,

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಬರುವ ವಿದ್ಯುಚ್ಛಕ್ತಿಯ ಅಧ್ಯಾಯಕ್ಕೆಂದು ಕೆಲವು ವರ್ಷಗಳ ಹಿಂದೆ ಮಾಡಿಟ್ಟುಕೊಂಡಿದ್ದ 14 ಸ್ಲೈಡುಗಳ ಕಡತವೊಂದನ್ನು ನಾನು ಈಚೆಗೆ ಒಂದು ಎಐ ಸಾಧನಕ್ಕೆ ಕೊಟ್ಟು, ಓಮನ ನಿಯಮವನ್ನು ಕುರಿತು 40 ನಿಮಿಷದ ಪಾಠಯೋಜನೆಯೊಂದನ್ನು ಇದರಿಂದ ಸಿದ್ಧಪಡಿಸಿಕೊಡು ಎಂದು ಕೇಳಿದೆ. ಒಂದು ನಿಮಿಷವೂ ಕಳೆದಿರಲಿಲ್ಲ. ಕಲಿಕಾ ಫಲ, ಕಲಿಕಾ ಸಾಮಗ್ರಿ, 5ಇ ಎಂಬ ಬೋಧನಾ ಮಾದರಿಯ ಐದು ಹಂತಗಳು (ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ), ಮೌಲ್ಯಮಾಪನದ ತಂತ್ರ ಮತ್ತು ಸಾಧನ, ಕೊನೆಗೆ ಮನೆಗೆಲಸ, ಎಲ್ಲವೂ ಕೋಷ್ಟಕದೊಳಗೆ ಅಚ್ಚುಕಟ್ಟಾಗಿ ಕುಳಿತಿದ್ದವು. ಮುಖ್ಯ ಶಿಕ್ಷಕರ ಮೇಜಿನ ಮೇಲಿಟ್ಟಿದ್ದರೆ ಮರುಮಾತಿಲ್ಲದೆ ಸಹಿ ಬೀಳುತ್ತಿತ್ತು. ಇದನ್ನು ಹಿಡಿದು ತರಗತಿಯೊಳಗೆ ಹೋಗಬಹುದೇ ಎಂದು ಕೇಳಿಕೊಂಡು ಎರಡನೆಯ ಸಲ ಓದಿದಾಗ ಮಾತ್ರ ಅದರ ತೊಡಕುಗಳು ಒಂದೊಂದಾಗಿ ಕಾಣಿಸತೊಡಗಿದವು. ಇಂದಿನ ನನ್ನ ಮಾತೆಲ್ಲ ಆ ಎರಡನೆಯ ಓದಿನದು.

ಮೊದಲಿಗೆ ಕಂಡದ್ದು ಪ್ರಯೋಗದ ಹಂತ. ‘ಟಾರ್ಚ್ ಬಲ್ಬನ್ನು ಮಂಡಲಕ್ಕೆ ಸೇರಿಸಿ, ಕೋಶಗಳ ಸಂಖ್ಯೆಯನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋಗಿ, ವಿಭವಾಂತರ ಮತ್ತು ವಿದ್ಯುತ್ ಪ್ರವಾಹಗಳ ಅನುಪಾತ ಸ್ಥಿರವಾಗಿರುವುದನ್ನು ವಿದ್ಯಾರ್ಥಿಗಳು ಕಂಡುಕೊಳ್ಳಲಿ’ ಎಂದು ಅದು ಬರೆದಿತ್ತು. ಕೇಳುವುದಕ್ಕೆ ಸೊಗಸಾಗಿದೆ, ಬಲ್ಬು ಎಲ್ಲ ಶಾಲೆಯಲ್ಲಿಯೂ ಸಿಗುತ್ತದೆ, ಮಕ್ಕಳಿಗೂ ಇಷ್ಟ. ಆದರೆ ಅನುಪಾತ ಸ್ಥಿರವಾಗಿರುವುದಿಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತು ಬಿಸಿಯಾದಂತೆ ಅದರ ರೋಧವೂ, ಅಂದರೆ ಪ್ರವಾಹಕ್ಕೆ ಅದು ಒಡ್ಡುವ ತಡೆಯೂ, ಏರುತ್ತದೆ. ಉರಿಯುವಾಗಿನ ರೋಧ ತಣ್ಣಗಿರುವಾಗಿನದರ ಹಲವು ಪಟ್ಟು. ಈ ಅನುಪಾತ ಸ್ಥಿರ ಎಂದು ಓಮನ ನಿಯಮ ಹೇಳುವುದು ತಾಪ ಬದಲಾಗದ ವಾಹಕದ ಮಾತನ್ನು. ಆದ್ದರಿಂದಲೇ ನಮ್ಮ ಪಠ್ಯಪುಸ್ತಕ ಈ ಚಟುವಟಿಕೆಗೆ ಬಲ್ಬನ್ನು ಆರಿಸಿಕೊಳ್ಳದೆ, ಸುಮಾರು 0.5 ಮೀಟರ್ ಉದ್ದದ ನಿಕ್ರೋಮ್ (ಬಿಸಿಯಾದರೂ ರೋಧ ಅಷ್ಟಾಗಿ ಬದಲಾಗದ ಮಿಶ್ರಲೋಹ) ತಂತಿಯನ್ನೂ 1.5 ವೋಲ್ಟಿನ ನಾಲ್ಕು ಕೋಶಗಳನ್ನೂ ತೆಗೆದುಕೊಳ್ಳಲು ಹೇಳುತ್ತದೆ. ಯೋಜನೆಯಲ್ಲಿದ್ದಂತೆ ಮಾಡಿದ್ದರೆ ಮಕ್ಕಳ ನಕ್ಷೆ ಸರಳರೇಖೆಯಾಗದೆ ಬಾಗುತ್ತಿತ್ತು, ನಾನು ‘ನಿಮ್ಮ ಮೀಟರ್ ಓದುಗಳಲ್ಲಿ ಏನೋ ದೋಷವಿದೆ’ ಎಂದು ಸರಿಯಾಗಿ ಅಳತೆ ಮಾಡಿದ ಮಕ್ಕಳನ್ನೇ ಗದರುತ್ತಿದ್ದೆ.

ಇದು ಏಕೆ ಹೀಗಾಯಿತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಪವರ್‌ಪಾಯಿಂಟ್ 1987ರಲ್ಲಿ ಮಾರುಕಟ್ಟೆಗೆ ಬಂದದ್ದು ಕಚೇರಿ, ವ್ಯಾಪಾರಗಳ ಸಭೆಗಳಲ್ಲಿ ವಿಷಯ ಮಂಡಿಸುವವರಿಗಾಗಿ. ಪರದೆಯ ಪಕ್ಕದಲ್ಲಿ ಮಾತನಾಡುವವರೊಬ್ಬರು ನಿಂತಿರುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಸಾಧನ ಅದು. ಸ್ಲೈಡಿನ ಮೇಲಿರುವುದು ಅರ್ಧ ಮಾತು, ಉಳಿದರ್ಧ ಮಾತು ನಿಂತವರ ಬಾಯಲ್ಲಿ. ಪಾಠಯೋಜನೆಯಾದರೋ ಆ ಉಳಿದರ್ಧವನ್ನೇ ಬರೆದಿಡುವ ಬರಹ: ಶಿಕ್ಷಕರು ಏನು ಕೇಳುತ್ತಾರೆ, ಮಕ್ಕಳು ಏನು ಮಾಡುತ್ತಾರೆ, ತಿಳಿಯಿತೋ ಇಲ್ಲವೋ ಎಂಬುದು ಯಾವುದರಿಂದ ಗೊತ್ತಾಗುತ್ತದೆ. ನನ್ನ ಐದನೆಯ ಸ್ಲೈಡಿನಲ್ಲಿ ಇದ್ದದ್ದು ನಿಯಮದ ಹೇಳಿಕೆ, ಒಂದು ಸೂತ್ರ, ಪುಸ್ತಕದಿಂದ ಫೋಟೊ ತೆಗೆದು ಅಂಟಿಸಿದ ಮಂಡಲದ ಚಿತ್ರ, ಇಷ್ಟೇ. ಆ ಸ್ಲೈಡು ಪರದೆಯ ಮೇಲೆ ಬಂದಾಗ ‘ಎರಡು ಕೋಶ ಹಾಕಿದರೆ ಮುಳ್ಳು ಎಲ್ಲಿಗೆ ಬರುತ್ತದೆ ಎಂದು ಮೊದಲು ಊಹಿಸಿ ಬರೆಯಿರಿ, ಆಮೇಲೆ ಕೀಲಿ ಒತ್ತೋಣ’ ಎಂದು ನಾನು ಪ್ರತಿ ವರ್ಷವೂ ಹೇಳುತ್ತೇನೆ. ಅದು ಕಡತದಲ್ಲಿ ಎಲ್ಲಿಯೂ ಇಲ್ಲ. ಇಲ್ಲದ್ದನ್ನು ಯಂತ್ರ ಎಲ್ಲಿಂದ ತಂದೀತು? ತಾನು ಓದಿರುವ ಅಸಂಖ್ಯ ಪಾಠಯೋಜನೆಗಳಲ್ಲಿ ಇಂಥ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೆಯೋ ಅದನ್ನು ತಂದು ತುಂಬಿತು.

ಎರಡನೆಯ ತೊಡಕು ಇನ್ನೂ ವಿಚಿತ್ರವಾದದ್ದು, ಮತ್ತು ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ನಮಗೆ ವಿಶೇಷವಾದದ್ದು. ನಾನು ಕೊಟ್ಟ ಕಡತದಲ್ಲಿ ವೋಲ್ಟೇಜ್ ಕಡಿಮೆಯಿರುವಾಗ ಪಂಪ್‌ಸೆಟ್ಟಿನ ಮೋಟರು ಏಕೆ ಸುಡುತ್ತದೆ ಎಂಬ ಸ್ಲೈಡೊಂದಿತ್ತು; ಯೋಜನೆಯಲ್ಲಿ ಪಂಪ್‌ಸೆಟ್ಟಿನ ಸುಳಿವೇ ಇರಲಿಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ಆ ಸ್ಲೈಡುಗಳನ್ನು ನಾನು ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ (ಪ್ರತಿಯೊಂದು ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟಿನಲ್ಲಿ ಟೈಪು ಮಾಡಿದ್ದೆ. ಅಂಥ ಫಾಂಟುಗಳಲ್ಲಿ ಕಂಪ್ಯೂಟರು ಒಳಗೆ ಇಟ್ಟುಕೊಂಡಿರುವುದು ರೋಮನ್ ಅಕ್ಷರಗಳ ಸಂಕೇತಗಳನ್ನು. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವಂತೆ ಫಾಂಟು ಅವುಗಳ ಮೇಲೆ ವೇಷ ತೊಡಿಸಿರುತ್ತದೆ. ಕಡತದೊಳಗಿನ ಪಠ್ಯವನ್ನು ಹೊರತೆಗೆದು ಓದುವ ಎಐಗೆ ಆ ವೇಷ ಕಾಣುವುದಿಲ್ಲ, ಅರ್ಥವಿಲ್ಲದ ಅಕ್ಷರಗಳ ರಾಶಿ ಮಾತ್ರ ಕಾಣುತ್ತದೆ. ಸೂತ್ರವನ್ನೂ ಇಂಗ್ಲಿಷಿನಲ್ಲಿದ್ದ ಒಂದೆರಡು ಪದಗಳನ್ನೂ ಹಿಡಿದುಕೊಂಡು ‘ಇದು ಓಮನ ನಿಯಮದ ಪಾಠ’ ಎಂದು ಊಹಿಸಿದ ಆ ಸಾಧನ, ನಿಮ್ಮ ಸ್ಲೈಡು ನನಗೆ ಓದಲು ಬರಲಿಲ್ಲ ಎಂದು ಒಂದು ಮಾತನ್ನೂ ಹೇಳಲಿಲ್ಲ. ನನಗೆ ಬೇಸರವಾದದ್ದು ತಪ್ಪಿಗಲ್ಲ, ಈ ಮೌನಕ್ಕೆ. ಆದ್ದರಿಂದ ಹಳೆಯ ಕಡತವಿದ್ದವರು ಮೊದಲು ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಆಮೇಲೆ ಯೋಜನೆ ಕೇಳುವ ಮುನ್ನ, ‘ಪ್ರತಿಯೊಂದು ಸ್ಲೈಡಿನಲ್ಲಿ ಏನಿದೆ, ಯಾವ ಚಿತ್ರವಿದೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಹೇಳು’ ಎಂದು ಕೇಳಿ. ಎರಡೇ ನಿಮಿಷದ ಈ ಪರೀಕ್ಷೆಯಿಂದ ಅದು ಓದಿದೆಯೋ ಊಹಿಸುತ್ತಿದೆಯೋ ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ. ಚಿತ್ರವನ್ನು ತಪ್ಪಾಗಿ ಹೇಳಿದರೆ ಅದರ ವಿವರಣೆಯನ್ನು ನೀವೇ ಟೈಪು ಮಾಡಿ ಕೊಡಿ.

ಪರಿಭಾಷೆಯ ಮಾತು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಯಂತ್ರ ‘ರೋಧ’ ಎನ್ನುವ ಕಡೆ ‘ಪ್ರತಿರೋಧ’ ಎಂದಿತು, ‘ವಿದ್ಯುತ್ ಮಂಡಲ’ ಎನ್ನುವ ಕಡೆ ಒಮ್ಮೆ ‘ಸರ್ಕ್ಯೂಟ್’, ಇನ್ನೊಮ್ಮೆ ಹಿಂದಿಯ ‘ಪರಿಪಥ’ ಎಂದಿತು. ಇವು ಯಾವುವೂ ಅರ್ಥದಲ್ಲಿ ತಪ್ಪಲ್ಲ; ಆದರೆ ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಪಠ್ಯಪುಸ್ತಕದ ಮಾತನ್ನಾಡುತ್ತದೆ, ಒಂದೇ ವಸ್ತುವಿಗೆ ಮೂರು ಹೆಸರು ಕೇಳಿದ ಮಗು ಅವು ಮೂರು ವಸ್ತುಗಳೆಂದುಕೊಳ್ಳುತ್ತದೆ. ಪಠ್ಯಪುಸ್ತಕದ ಆ ನಾಲ್ಕಾರು ಪುಟಗಳನ್ನೂ ಸ್ಲೈಡಿನ ಜೊತೆಗೆ ಕೊಟ್ಟು, ಇದರಲ್ಲಿರುವ ಪಾರಿಭಾಷಿಕ ಪದಗಳನ್ನಲ್ಲದೆ ಬೇರೆಯದನ್ನು ಬಳಸಬೇಡ ಎಂದು ಹೇಳಿದರೆ ಈ ತೊಂದರೆ ಬಹಳ ಮಟ್ಟಿಗೆ ನೀಗುತ್ತದೆ.

ಇನ್ನು 5ಇ ವಿಷಯ. ಈ ಮಾದರಿಯನ್ನು 1980ರ ದಶಕದಲ್ಲಿ, ವಿಜ್ಞಾನದ ಪಠ್ಯಕ್ರಮಗಳನ್ನು ರೂಪಿಸುವ ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆಯಲ್ಲಿ ರಾಜರ್ ಬೈಬಿ ಮತ್ತು ಅವರ ಸಂಗಡಿಗರು ರೂಪಿಸಿದರು. ಐದು ಹಂತಗಳನ್ನು ಒಂದೇ ಅವಧಿಯೊಳಗೆ ತುರುಕಬೇಕೆಂಬುದು ಬೈಬಿಯವರ ಅಭಿಪ್ರಾಯವಲ್ಲ. ಎರಡು ಮೂರು ವಾರ ನಡೆಯುವ ಒಂದು ಘಟಕಕ್ಕೆ ಅದು ತಕ್ಕದ್ದು, ಒಂದೊಂದು ಹಂತಕ್ಕೂ ಒಂದೋ ಹೆಚ್ಚೋ ಪಾಠಗಳು ಬೇಕು ಎಂದು ಅವರೇ ಬರೆದಿದ್ದಾರೆ. ನಾವು ಮಾತ್ರ 40 ನಿಮಿಷದೊಳಗೆ ಐದೂ ಕೋಣೆಗಳನ್ನು ತುಂಬುವ ಅಭ್ಯಾಸ ಬೆಳೆಸಿಕೊಂಡಿದ್ದೇವೆ, ಎಐ ನಮ್ಮಿಂದಲೇ ಅದನ್ನು ಕಲಿತಂತೆ ನಡೆದುಕೊಳ್ಳುತ್ತದೆ. ನನಗೆ ಸಿಕ್ಕ ಯೋಜನೆಯಲ್ಲಿ ಗುಂಪು ಪ್ರಯೋಗಕ್ಕೆ ಹತ್ತು ನಿಮಿಷ ಕೊಟ್ಟಿತ್ತು. ತಂತಿಯ ತುದಿ ಕೆರೆದು, ಅಮ್ಮೀಟರನ್ನು ಸರಣಿಯಲ್ಲಿಯೂ ವೋಲ್ಟ್‌ಮೀಟರನ್ನು ಸಮಾಂತರವಾಗಿಯೂ ಜೋಡಿಸುವುದಕ್ಕೇ ಮಕ್ಕಳಿಗೆ ಅಷ್ಟು ಹೊತ್ತು ಬೇಕು. ಮೇಲಾಗಿ ನಮ್ಮ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅಮ್ಮೀಟರುಗಳು ಎರಡೇ. ನಾನು ಕೊನೆಗೆ ಘಟಕಕ್ಕೊಂದು ಯೋಜನೆ ಕೇಳಿದೆ, ಮೊದಲ ಅವಧಿಯನ್ನು ಊಹೆಗೂ ಜೋಡಣೆಗೂ ಬಿಟ್ಟು, ಓದುಗಳನ್ನೂ ನಕ್ಷೆಯನ್ನೂ ಎರಡನೆಯ ಅವಧಿಗೆ ಸರಿಸಿದೆ. ಆಗ ಅದು ಕೊಟ್ಟ ಕರಡು ನಿಜಕ್ಕೂ ಉಪಯೋಗಕ್ಕೆ ಬಂತು.

ಎರಡನೆಯ ಸಲ ನಾನು ಕೇಳಿದ ಕ್ರಮವನ್ನು ಹಾಗೆಯೇ ಓದುತ್ತೇನೆ: ‘ಇದು ಕನ್ನಡ ಮಾಧ್ಯಮದ ಹತ್ತನೆಯ ತರಗತಿ, 42 ಮಕ್ಕಳು. ಎರಡು ಅಮ್ಮೀಟರ್, ಮೂರು ವೋಲ್ಟ್‌ಮೀಟರ್, ನಿಕ್ರೋಮ್ ತಂತಿ ಇವೆ. ಪ್ರೊಜೆಕ್ಟರ್ ಇದೆ, ಕರೆಂಟಿನ ಭರವಸೆಯಿಲ್ಲ. ಬಲ್ಬನ್ನು ದಾಟುವಾಗ ಪ್ರವಾಹದ ಒಂದು ಪಾಲು ಖರ್ಚಾಗಿಹೋಗುತ್ತದೆ ಎಂದು ಹಲವರು ತಪ್ಪಾಗಿ ನಂಬಿದ್ದಾರೆ. ಸ್ಲೈಡುಗಳೂ ಅವುಗಳ ಕೆಳಗೆ ನಾನು ಬರೆದ ಟಿಪ್ಪಣಿಗಳೂ ಪಠ್ಯದ ಪುಟಗಳೂ ಜೊತೆಗಿವೆ. ಇವುಗಳಲ್ಲಿ ಇಲ್ಲದ್ದನ್ನು ನೀನು ಸೇರಿಸಿದರೆ ಅದರ ಮುಂದೆ ನಕ್ಷತ್ರದ ಗುರುತು ಹಾಕು.’ ಆ ಕೊನೆಯ ವಾಕ್ಯವೇ ನನ್ನ ಕೆಲಸವನ್ನು ಅರ್ಧಕ್ಕಿಳಿಸಿತು. ಗುರುತು ಹಾಕುವುದನ್ನೂ ಅದು ಒಮ್ಮೊಮ್ಮೆ ಮರೆಯುತ್ತದೆ, ನಿಜ. ಆದರೆ ಎಲ್ಲಿ ಮೊದಲು ಕಣ್ಣು ಹಾಯಿಸಬೇಕು ಎಂಬುದಾದರೂ ಗೊತ್ತಾಗುತ್ತದೆ.

ಇಂಥ ಕೆಲಸಕ್ಕೆಂದೇ ರೂಪಿಸಿದ ಸಾಧನಗಳೂ ಇವೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ‘ಶಿಕ್ಷಾ ಕೋಪೈಲಟ್’ ಎಂಬುದನ್ನು ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರೊಡನೆ ಪ್ರಯೋಗಿಸಿವೆ. ಯಾವ ಸಾಧನವೇ ಆಗಲಿ, ಮಕ್ಕಳ ಹೆಸರು, ಅಂಕಪಟ್ಟಿ, ಫೋಟೊಗಳಿರುವ ಸ್ಲೈಡುಗಳನ್ನು ತೆಗೆದುಹಾಕಿಯೇ ಕಡತವನ್ನು ಕೊಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ.

ಆ ಪಂಪ್‌ಸೆಟ್ಟಿನ ಸ್ಲೈಡಿಗೆ ಮತ್ತೆ ಬರುತ್ತೇನೆ. ಅದು ಹುಟ್ಟಿದ್ದು ಹುಡುಗನೊಬ್ಬನ ಪ್ರಶ್ನೆಯಿಂದ. ‘ಸಾರ್, ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ ಅಂತ ನೀವು ಹೇಳಿದ್ರಿ, ನಮ್ಮ ಬೋರ್‌ವೆಲ್ ಮೋಟರ್ ವೋಲ್ಟೇಜ್ ಇಳಿದಾಗಲೇ ಜಾಸ್ತಿ ಎಳೆದು ಸುಟ್ಟುಹೋಯ್ತಲ್ಲ’ ಎಂದು ಅವನು ಕೇಳಿದ್ದ. ಅವನು ಹೇಳಿದ್ದು ಸರಿ: ಅಷ್ಟೇ ನೀರನ್ನು ಎತ್ತುವ ಹೊರೆ ಹೊತ್ತ ಮೋಟರು ವೋಲ್ಟೇಜ್ ಕುಸಿದಾಗ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ, ಸುರುಳಿ ಕಾಯುತ್ತದೆ, ಮೋಟರು ನಿಕ್ರೋಮ್ ತಂತಿಯಂಥ ಬರಿಯ ರೋಧಕವಲ್ಲ. ನಿಯಮ ಎಲ್ಲಿ ಅನ್ವಯಿಸುತ್ತದೆ, ಎಲ್ಲಿ ಅನ್ವಯಿಸುವುದಿಲ್ಲ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ಹಳೆಯ ಬಲ್ಬಿನ ಪ್ರಯೋಗವನ್ನೂ ನಾನು ಬಿಡಲಿಲ್ಲ; ನಕ್ಷೆ ಬಾಗುವುದನ್ನು ತೋರಿಸಲೆಂದೇ ಅದನ್ನು ವಿಸ್ತರಣೆಯ ಹಂತಕ್ಕೆ ಸರಿಸಿಕೊಂಡೆ.

ಈಗ ನಿಮ್ಮ ಮುಂದಿನ ಕಂಪ್ಯೂಟರುಗಳಲ್ಲಿ ನೀವು ತಂದಿರುವ ಕಡತವನ್ನು ತೆರೆಯಿರಿ. ಎಐಯನ್ನು ಇನ್ನೂ ತೆರೆಯಬೇಡಿ. ಯಾವುದಾದರೂ ಒಂದು ಸ್ಲೈಡನ್ನು ಆರಿಸಿಕೊಂಡು, ಅದರ ಕೆಳಗಿರುವ ಟಿಪ್ಪಣಿಯ ಜಾಗದಲ್ಲಿ, ಅದು ಪರದೆಯ ಮೇಲಿರುವಾಗ ನೀವು ತರಗತಿಯಲ್ಲಿ ಏನು ಕೇಳುತ್ತೀರಿ, ಮಕ್ಕಳು ಸಾಮಾನ್ಯವಾಗಿ ಏನೆಂದು ತಪ್ಪು ಉತ್ತರ ಕೊಡುತ್ತಾರೆ ಎಂಬುದನ್ನು ಬರೆಯಿರಿ. ಹತ್ತು ನಿಮಿಷ ಸಮಯವಿದೆ.